ನಾಲ್ಕು ಪುಟ ಯಾಕೆ ಎಂದು ಕೇಳಿದ ಅಕ್ಕಾರಿಗೆ

ಗದಗದಿಂದ ಒಂದು ಪತ್ರ ಬಂದಿದೆ. ಬರೆದವರು ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಖಾನಾವಳಿ ನಡೆಸುವವರು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ಹೋದ ಸಂಚಿಕೆಯಾಗ ಸಂಸತ್ತಿನ ಬಜೆಟ್ ಚರ್ಚೆಗೆ ನಾಲ್ಕು ಪುಟ ಕೊಟ್ಟೀರಿ. ಓದಿ ನಮಗೇನಾಗಬೇಕ್ರಿ? ಅವರು ಚೀರಾಡ್ತಾರ, ಎದ್ದು ಹೊರಗ ಹೋಗ್ತಾರ, ಕಡೀಕೆ ಅದು ಪಾಸಾಗೇ ಆಗ್ತದ. ಹನ್ನೆರಡು ಲಕ್ಷದ ತನಕ ಆದಾಯ ತೆರಿಗೆ ಇಲ್ಲ ಅನ್ನೂ ಮಾತು ನಮ್ಮಂಥವರಿಗಲ್ಲ. ನಾನು ಟ್ಯಾಕ್ಸ್ ಕಟ್ಟೂದs ಇಲ್ಲ. ದಿನಾ ಅರವತ್ತು ಊಟ ಹೋಗ್ತಾವ, ಊಟಕ್ಕ ಎಂಬತ್ತು ರೂಪಾಯಿ. ಹಾವೇರಿಯ ಕಾಯಿಪಲ್ಲೆಯವರಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಹೆದರಿ ಫೋನ್‌ಪೇ ಬೋರ್ಡ್ ತೆಗೆದಿಟ್ಟೀನಿ. ಅದನ್ನ ಮತ್ತ ಹಚ್ಚಲೋ ಬ್ಯಾಡೋ, ಅದನ್ನಾದರೂ ಬರೀರಿ. ಆ ಪುಟದಾಗ ಪ್ಯಾಟಿ ರೇಟ್ ಹಾಕ್ರಿ."

ಅಕ್ಕಾರೆ, ನಮಸ್ಕಾರ.

ಮೊದಲು ಬೋರ್ಡಿನ ವಿಷಯ ಮುಗಿಸೋಣ. ಮತ್ತೆ ಹಚ್ಚಿರಿ. ಜಿಎಸ್‌ಟಿ ನೋಡುವುದು ವರ್ಷದ ಒಟ್ಟು ವಹಿವಾಟನ್ನು. ದುಡ್ಡು ಗಲ್ಲೆಗೆ ಬಂತೋ ಫೋನಿಗೆ ಬಂತೋ ಅನ್ನುವುದರಿಂದ ತೆರಿಗೆ ಬದಲಾಗುವುದಿಲ್ಲ. ಖಾನಾವಳಿಯಂಥ ಸೇವೆಗೆ ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಅರವತ್ತು ಊಟಕ್ಕೆ ದಿನಕ್ಕೆ 4,800 ರೂಪಾಯಿ ಆಯಿತು. ನೀವು ವರ್ಷವಿಡೀ ಒಂದು ದಿನವೂ ಬಾಗಿಲು ಹಾಕದೆ ನಡೆಸಿದರೂ ಹದಿನೇಳೂವರೆ ಲಕ್ಷದ ಆಸುಪಾಸು. ಮಿತಿಯೊಳಗೇ ಇದ್ದೀರಿ. ಆದರೆ ಮದುವೆ ಮನೆಗಳಿಗೆ ಕಡಕ್ ರೊಟ್ಟಿ ಆರ್ಡರ್ ಹಿಡಿಯುತ್ತಿದ್ದರೆ ಅದನ್ನೂ ಕೂಡಿಸಿ ನೋಡಿ. ರೊಟ್ಟಿಯ ಮೇಲೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಇಲ್ಲ ನಿಜ. ಆದರೂ ಒಟ್ಟು ವಹಿವಾಟಿನಲ್ಲಿ ಅದು ಸೇರುತ್ತದೆ. ಎಲ್ಲ ಕೂಡಿ 20 ಲಕ್ಷ ದಾಟುವ ಹಾಗಿದ್ದರೆ ಕಾಂಪೋಸಿಷನ್ ಪದ್ಧತಿ ಇದೆ, ಅಂದರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಒಂದೇ ದರದಲ್ಲಿ ತೆರಿಗೆ ಕಟ್ಟುವುದು, ಹೋಟೆಲಿಗೆ ಶೇಕಡಾ 5. ಇನ್ನೊಂದು ಮಾತು: ಮನೆಯವರ ಲೇವಾದೇವಿ, ಮಗನ ಫೀ, ತಂಗಿ ಕಳಿಸಿದ ದುಡ್ಡು, ಎಲ್ಲಾ ಒಂದೇ ಖಾತೆಗೆ ಬರುತ್ತಿದ್ದರೆ ಬೇರೆ ಮಾಡಿಕೊಳ್ಳಿ. ನಾಳೆ ಯಾರಾದರೂ ಕೇಳಿದರೆ ವ್ಯಾಪಾರದ್ದು ಇಷ್ಟೇ ಎಂದು ತೋರಿಸಲು ಸುಲಭ.

ಈಗ ನಿಮ್ಮ ದೊಡ್ಡ ಮಾತಿಗೆ ಬರುತ್ತೇನೆ. "ನಾನು ಟ್ಯಾಕ್ಸ್ ಕಟ್ಟೂದs ಇಲ್ಲ" ಅಂತ ಬರೆದಿದ್ದೀರಿ. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಿಮ್ಮ ಒಲೆಯ ಪಕ್ಕದಲ್ಲಿರುವ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ನೋಡಿ. ಅದರ ಮೇಲೆ ಜಿಎಸ್‌ಟಿ ಶೇಕಡಾ 18. ಮನೆಯ ಸಿಲಿಂಡರ್‌ಗೆ ಶೇಕಡಾ 5 ಮಾತ್ರ. ಕಮರ್ಷಿಯಲ್ ಸಿಲಿಂಡರಿನ ಮೂಲ ಬೆಲೆ 1,500 ರೂಪಾಯಿ ಎಂದು ಇಟ್ಟುಕೊಂಡರೂ ತೆರಿಗೆಯೇ 270 ರೂಪಾಯಿ. ಒಂದು ಕಾರ್ಖಾನೆಯವರು ಇದೇ ಗ್ಯಾಸ್ ಕೊಂಡರೆ ಆ ತೆರಿಗೆಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಅದಕ್ಕೆ ಇನ್‌ಪುಟ್ ಕ್ರೆಡಿಟ್ ಅಂತಾರೆ. ನಿಮಗೆ ಅದಿಲ್ಲ. ನೋಂದಣಿ ಇಲ್ಲದವರಿಗೆ ಇಲ್ಲ, ಕಾಂಪೋಸಿಷನ್‌ನವರಿಗೆ ಇಲ್ಲ, ಮಾಮೂಲಿ ನೋಂದಣಿ ಮಾಡಿಸಿ ಗಿರಾಕಿಯ ಬಿಲ್ಲಿಗೆ ಶೇಕಡಾ 5 ಹಾಕುವ ಹೋಟೆಲಿನವರಿಗೂ ಇಲ್ಲ. ಹಾಗಾಗಿ ಆ 270 ರೂಪಾಯಿ ನಿಮ್ಮ ಗಲ್ಲೆಯಿಂದಲೇ ಹೋಗಬೇಕು, ಇಲ್ಲವೇ ಊಟದ ರೇಟಿಗೆ ಸೇರಬೇಕು. ಊಟಕ್ಕೆ ಐದು ರೂಪಾಯಿ ಏರಿಸಿದರೆ ಕಾಲೇಜು ಹುಡುಗರು ಪಕ್ಕದ ಅಂಗಡಿಯ ಮಿರ್ಚಿ ಚುರುಮುರಿ ತಿಂದು ಹೋಗುತ್ತಾರೆ. ಅದಕ್ಕೇ ನೀವು ಏರಿಸಿರಲಿಕ್ಕಿಲ್ಲ. ಎಣ್ಣೆಗಾಯಿಗೆ ಹಾಕುವ ಎಣ್ಣೆಗೆ ಶೇಕಡಾ 5. ಬ್ಯಾಡಗಿ ಒಣಮೆಣಸಿನಕಾಯಿಗೆ ಶೇಕಡಾ 5. ನೀವು ರಿಟರ್ನ್ ತುಂಬುವುದಿಲ್ಲ ಅಷ್ಟೆ. ತೆರಿಗೆ ದಿನಾ ಕಟ್ಟುತ್ತಿದ್ದೀರಿ.

ಈ 18 ಅನ್ನುವ ಅಂಕಿಯನ್ನು ಯಾರು ಇಟ್ಟರು? ಸಂಸತ್ತಿನಲ್ಲಿ ಪ್ರತಿ ಸಾಮಾನಿಗೂ ಕೈ ಎತ್ತಿ ತೀರ್ಮಾನಿಸುವುದಿಲ್ಲ. ಸಂವಿಧಾನದ 279ಎ ವಿಧಿಯ ಪ್ರಕಾರ ಜಿಎಸ್‌ಟಿ ಮಂಡಳಿ ಇದೆ. ಕೇಂದ್ರದ ಹಣಕಾಸು ಸಚಿವರು ಅದರ ಅಧ್ಯಕ್ಷರು, ಪ್ರತಿ ರಾಜ್ಯದಿಂದ ಒಬ್ಬ ಸಚಿವರು ಸದಸ್ಯರು. ಕರ್ನಾಟಕದ ಪರವಾಗಿ ಈಚಿನ ವರ್ಷಗಳ ಸಭೆಗಳಿಗೆ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಹೋಗಿದ್ದಾರೆ. ಕೇಂದ್ರದ ಮತಕ್ಕೆ ಮೂರನೇ ಒಂದು ಭಾಗ ತೂಕ, ಎಲ್ಲ ರಾಜ್ಯಗಳೂ ಸೇರಿ ಮೂರನೇ ಎರಡು ಭಾಗ. ತೀರ್ಮಾನ ಆಗಬೇಕಾದರೆ ನಾಲ್ಕರಲ್ಲಿ ಮೂರು ಭಾಗ ಬೇಕು. ಅಂದರೆ ಕೇಂದ್ರ ಬೇಡ ಎಂದರೆ ಯಾವುದೂ ಆಗುವುದಿಲ್ಲ. ಮಂಡಳಿ ಬಾಗಿಲು ಹಾಕಿಕೊಂಡು ಮಾತಾಡುತ್ತದೆ. ಆಮೇಲೆ ಅಧಿಸೂಚನೆ ಬರುತ್ತದೆ, ದರ ಬದಲಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಶೇಕಡಾ 12 ಮತ್ತು 28ರ ಹಂತಗಳನ್ನು ತೆಗೆದದ್ದು ಹೀಗೆಯೇ. ಅಡುಗೆ ಪಾತ್ರೆ 12ರಿಂದ 5ಕ್ಕೆ ಇಳಿಯಿತು, ಟ್ರ್ಯಾಕ್ಟರ್ ಕೂಡ. ಒಳ್ಳೆಯದೇ ಆಯಿತು. ನಿಮ್ಮ ಸಿಲಿಂಡರ್ ಮಾತ್ರ 18ರಲ್ಲೇ ಉಳಿಯಿತು. ಯಾಕೆ ಉಳಿಯಿತು ಎಂದು ಬಹಿರಂಗವಾಗಿ ಕೇಳಿ, ಉತ್ತರ ಪಡೆದು, ಆ ಉತ್ತರ ದಾಖಲೆಯಲ್ಲಿ ಉಳಿಯುವ ಜಾಗ ಸದನ ಒಂದೇ. ಆ ಜಾಗಕ್ಕೆ ನಾಲ್ಕು ಪುಟ ಕೊಟ್ಟಿದ್ದು ಇದಕ್ಕೇ.

ಚೀರಾಡುತ್ತಾರೆ ಅನ್ನುವ ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ನನಗೆ ಹೆಚ್ಚು ಭಯ ಆಗುವುದು ಚರ್ಚೆಯೇ ಆಗದ ದಿನಗಳನ್ನು ನೋಡಿದಾಗ. 2023ರ ಮಾರ್ಚ್ ತಿಂಗಳು ನೆನಪಿಸಿಕೊಳ್ಳಿ. ಅದಾನಿ ವಿಷಯಕ್ಕೆ ಜಂಟಿ ಸಮಿತಿ ತನಿಖೆ ಬೇಕು ಎಂದು ವಿರೋಧ ಪಕ್ಷ, ರಾಹುಲ್ ಗಾಂಧಿ ಕ್ಷಮೆ ಕೇಳಬೇಕು ಎಂದು ಆಡಳಿತ ಪಕ್ಷ. ದಿನವೂ ಗದ್ದಲ. ಕೊನೆಗೆ 23ರಂದು ಸುಮಾರು 45 ಲಕ್ಷ ಕೋಟಿ ರೂಪಾಯಿಯ ವೆಚ್ಚಕ್ಕೆ ಲೋಕಸಭೆ ಚರ್ಚೆ ಇಲ್ಲದೆ ಒಪ್ಪಿಗೆ ಕೊಟ್ಟಿತು. ಮರುದಿನ ಹಣಕಾಸು ಮಸೂದೆಯೂ ಹಾಗೆಯೇ ಪಾಸಾಯಿತು. ಸರ್ಕಾರವೇ ತಂದ ಹತ್ತಾರು ತಿದ್ದುಪಡಿಗಳು ಅದರಲ್ಲಿದ್ದವು. ಸಾಲಪತ್ರಗಳಲ್ಲಿ ಹೂಡಿಕೆ ಮಾಡುವ ಡೆಟ್ ಮ್ಯೂಚುವಲ್ ಫಂಡ್‌ನಲ್ಲಿ ದುಡ್ಡು ಇಟ್ಟವರ ತೆರಿಗೆ ಲೆಕ್ಕ ಆ ದಿನ ಬದಲಾಯಿತು. ಫೆಬ್ರುವರಿ 1ರ ಬಜೆಟ್ ಭಾಷಣದಲ್ಲಿ ಅದರ ಸುದ್ದಿಯೇ ಇರಲಿಲ್ಲ. 2018ರಲ್ಲೂ ಎಲ್ಲ ಇಲಾಖೆಗಳ ಬೇಡಿಕೆಗಳು, ಅಂದರೆ ಖರ್ಚಿಗೆ ಇಷ್ಟು ದುಡ್ಡು ಕೊಡಿ ಎಂದು ಸದನವನ್ನು ಕೇಳುವ ಪ್ರಸ್ತಾವಗಳು, ಹೀಗೆ ಒಂದೇ ಗಂಟಾಗಿ ಪಾಸಾಗಿದ್ದವು. ಇದಕ್ಕೆ ಸಂಸತ್ತಿನಲ್ಲಿ ಗಿಲೊಟಿನ್ ಎನ್ನುತ್ತಾರೆ. ಸಮಯ ಮುಗಿಯಿತು ಎಂದು ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುವುದು.

ನಿಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಹಕಾರ ಸಂಘ ಕಟ್ಟಿದರು, ದೇಶದ ಮೊದಮೊದಲ ಸಂಘಗಳಲ್ಲಿ ಒಂದು. ಇವತ್ತಿಗೂ ನಮ್ಮ ಕಡೆ ಸೊಸೈಟಿಯ ವಾರ್ಷಿಕ ಸಭೆ ಹೇಗಿರುತ್ತದೆ ನಿಮಗೆ ಗೊತ್ತು. ಸೆಕ್ರೆಟರಿ ಜಮಾಖರ್ಚು ಓದುತ್ತಿದ್ದರೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಚಹಾ ಖರ್ಚು ಇಷ್ಟ್ಯಾಕ ಆತು?" ಅಂತಾರೆ. ಅಲ್ಲಿ ಆ ಪ್ರಶ್ನೆ ಕೇಳದೆ ಬಿಡದವರು, ದೇಶದ ಜಮಾಖರ್ಚು ಓದದೆಯೇ ಮಂಜೂರಾದಾಗ ಸುಮ್ನೆ ಇರುತ್ತೇವೆ. ನನ್ನ ತಕರಾರು ಇದೇ.

ಕೇಳುವ ಹಕ್ಕು ಸಂಸದರಿಗೆ ಬೇಕಾದಷ್ಟಿದೆ. ಸಂವಿಧಾನದ 265ನೇ ವಿಧಿ ಹೇಳುವುದು ಒಂದೇ ಸಾಲು: ಕಾನೂನಿನ ಆಧಾರ ಇಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ. ಖರ್ಚಿಗೂ ಹಾಗೆಯೇ, ಸದನ ಒಪ್ಪದೆ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ದುಡ್ಡು ತೆಗೆಯುವಂತಿಲ್ಲ. ಒಂದು ಇಲಾಖೆಯ ನೀತಿಯೇ ಸರಿಯಿಲ್ಲ ಅನಿಸಿದರೆ ಅದರ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ ಎಂದು ಯಾವ ಸದಸ್ಯರಾದರೂ ಕಡಿತ ಸೂಚನೆ ಕೊಡಬಹುದು. ನಿರ್ದಿಷ್ಟ ಕುಂದುಕೊರತೆ ಎತ್ತಬೇಕಿದ್ದರೆ ನೂರು ರೂಪಾಯಿ ಕಡಿತ ಸೂಚನೆ ಸಾಕು. ಅದು ಗೆಲ್ಲುವುದಿಲ್ಲ, ಎಲ್ಲರಿಗೂ ಗೊತ್ತು. ಆದರೆ ಸಚಿವರು ಎದ್ದು ನಿಂತು ಉತ್ತರ ಕೊಡಬೇಕಾಗುತ್ತದೆ. ರಾಜ್ಯಸಭೆಗೆ ಹಣದ ಮಸೂದೆಯಲ್ಲಿ ಅಷ್ಟು ಅಧಿಕಾರ ಇಲ್ಲ, ಹದಿನಾಲ್ಕು ದಿನದೊಳಗೆ ವಾಪಸ್ ಕಳಿಸಬೇಕು. ಹಾಗಾಗಿ ಲೋಕಸಭೆಯಲ್ಲಿ ತಪ್ಪಿದ ಚರ್ಚೆ ತಪ್ಪಿದಂತೆಯೇ.

ಚರ್ಚೆ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಡೀಸೆಲ್ ನೋಡಿ. 2020ರ ಮಾರ್ಚ್ 23. ಕೊರೊನಾ ಭಯದಲ್ಲಿ ಅಧಿವೇಶನ ಮುಗಿಸುವ ಅವಸರ. ಹಣಕಾಸು ಮಸೂದೆ ಚರ್ಚೆ ಇಲ್ಲದೆ ಪಾಸಾಯಿತು. ಅದರೊಳಗೆ ಒಂದು ತಿದ್ದುಪಡಿ ಇತ್ತು. ವಿಶೇಷ ಹೆಚ್ಚುವರಿ ಅಬಕಾರಿ ಸುಂಕದ ಮಿತಿ ಪೆಟ್ರೋಲಿಗೆ ಲೀಟರಿಗೆ 10ರಿಂದ 18 ರೂಪಾಯಿಗೆ, ಡೀಸೆಲಿಗೆ 4ರಿಂದ 12 ರೂಪಾಯಿಗೆ ಏರಿತು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಒಂದೇ ಏಟಿಗೆ ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ತೆರಿಗೆ ಹೆಚ್ಚಿಸಿತು. ಕಚ್ಚಾ ತೈಲದ ಬೆಲೆ ನೆಲ ಕಚ್ಚಿದ್ದ ಕಾಲ ಅದು. ಬಂಕಿನಲ್ಲಿ ಬೆಲೆ ಇಳಿಯಬೇಕಿತ್ತು, ಇಳಿಯಲಿಲ್ಲ. ಹೆಚ್ಚಿಸಿದ್ದರಲ್ಲಿ ಲೀಟರಿಗೆ 8 ರೂಪಾಯಿ ರಸ್ತೆ ಸೆಸ್. ಸೆಸ್ ಅಂದರೆ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಿಲ್ಲದ ದುಡ್ಡು. ಮುಂದೆ 2021ರಲ್ಲಿ, 2022ರಲ್ಲಿ ಇಳಿಸಿದರು, ಅದನ್ನೂ ಹೇಳಬೇಕು. ರಾಜ್ಯದವರೂ ಇದಕ್ಕೆ ಹೊರತಲ್ಲ. 2024ರ ಜೂನ್‌ನಲ್ಲಿ ಲೋಕಸಭಾ ಚುನಾವಣೆ ಫಲಿತಾಂಶ ಬಂದ ಕೆಲವೇ ದಿನಕ್ಕೆ ಕರ್ನಾಟಕ ಸರ್ಕಾರ ಪೆಟ್ರೋಲ್, ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿತು. ಲೀಟರಿಗೆ ಮೂರು ರೂಪಾಯಿ ಆಸುಪಾಸು ಜಾಸ್ತಿ ಆಯಿತು. ಅದೂ ಅಧಿಸೂಚನೆಯಲ್ಲೇ. ನಿಮ್ಮ ಖಾನಾವಳಿಗೆ ಕಾಯಿಪಲ್ಲೆ ತರುವ ಟಂಟಂ ಈ ಎರಡೂ ತೆರಿಗೆ ಹೊತ್ತುಕೊಂಡೇ ಬರುತ್ತದೆ.

"ಕಡೀಕೆ ಅದು ಪಾಸಾಗೇ ಆಗ್ತದ" ಅಂದಿರಿ. ಪಾಸಾಗುತ್ತದೆ, ಆದರೆ ಎಷ್ಟೋ ಸಲ ಬದಲಾಗಿ ಪಾಸಾಗುತ್ತದೆ. 2016ರ ಬಜೆಟ್‌ನಲ್ಲಿ ಪಿಎಫ್ ಹಣ ತೆಗೆಯುವಾಗ ಅದರ ಶೇಕಡಾ 60ರ ಮೇಲೆ ತೆರಿಗೆ ಹಾಕುವ ಪ್ರಸ್ತಾವ ಇತ್ತು. ನೌಕರರು ದೇಶಾದ್ಯಂತ ಎದ್ದರು. ಮಾರ್ಚ್ 8ರಂದು ಅರುಣ್ ಜೇಟ್ಲಿ ಲೋಕಸಭೆಯಲ್ಲೇ ಅದನ್ನು ಹಿಂದೆ ಪಡೆದರು. 2024ರ ಜುಲೈ ಬಜೆಟ್‌ನಲ್ಲಿ ಆಸ್ತಿ ಮಾರಿದ ಲಾಭದ ಮೇಲಿನ ತೆರಿಗೆಯಲ್ಲಿ ಇಂಡೆಕ್ಸೇಶನ್ ರಿಯಾಯಿತಿ, ಅಂದರೆ ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಲಾಭ ಲೆಕ್ಕ ಹಾಕುವ ಅವಕಾಶ, ತೆಗೆದರು. ಹಿಂದೆ ಕೊಂಡ ಪ್ಲಾಟ್ ಮಾರಲು ಕಾಯುತ್ತಿದ್ದವರಿಗೆ ಹೊಡೆತ ಬೀಳುವುದಿತ್ತು. ಗಲಾಟೆ ಆಯಿತು. ಎರಡೇ ವಾರಕ್ಕೆ ತಿದ್ದುಪಡಿ ಬಂತು. ಹಳೆಯ ಆಸ್ತಿಗೆ ಶೇಕಡಾ 12.5 ಬೇಕೋ, ಇಂಡೆಕ್ಸೇಶನ್ ಜೊತೆಗೆ ಶೇಕಡಾ 20 ಬೇಕೋ, ಕಡಿಮೆ ಬರುವುದನ್ನು ನೀವೇ ಆರಿಸಿಕೊಳ್ಳಿ ಎಂದರು.

ಇವೆರಡರಲ್ಲೂ ಗೆದ್ದವರು ಯಾರು ನೋಡಿ. ಒಬ್ಬರು ಸಂಬಳದವರು, ಇನ್ನೊಬ್ಬರು ಆಸ್ತಿ ಇದ್ದವರು. ಅವರು ಬಜೆಟ್ ಓದುತ್ತಾರೆ, ಮರುದಿನವೇ ಸಂಘದಿಂದ ಮನವಿ ಹೋಗುತ್ತದೆ, ಟಿವಿಯಲ್ಲಿ ಕೂತು ಮಾತಾಡುತ್ತಾರೆ. ಖಾನಾವಳಿ ಅಕ್ಕಂದಿರ ಸಿಲಿಂಡರ್ ಬಗ್ಗೆ ಹಾಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಬಜೆಟ್ ಚರ್ಚೆ ನಮ್ಮಂಥವರಿಗಲ್ಲ ಎಂದು ನೀವೇ ದೂರ ಸರಿದರೆ, ಅದು ನಿಜಕ್ಕೂ ಉಳಿದವರದ್ದೇ ಆಗಿಬಿಡುತ್ತದೆ. ನನಗೆ ಬೇಸರ ತರಿಸುವುದು ಇದು.

ಮುಂಚೆ ಆಗದ ಚರ್ಚೆ ಆಮೇಲೆ ಬೀದಿಯಲ್ಲಿ ಆಗುತ್ತದೆ. ಅದಕ್ಕೆ ನಿಮ್ಮ ಜಿಲ್ಲೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಬೆಟರ್‌ಮೆಂಟ್ ಲೆವಿ, ಅಂದರೆ ನೀರಾವರಿಯಿಂದ ಜಮೀನಿನ ಬೆಲೆ ಏರಿತು ಎಂದು ಹಾಕುವ ಕರ, ಬಿತ್ತು. ಕಾಲುವೆ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಲೆವಿ ಕೇಳಿದರು. ಮನವಿಗಳಿಗೆ ಬೆಲೆ ಸಿಗಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಎದ್ದರು. ಗೋಲಿಬಾರ್ ಆಯಿತು, ರೈತರು ಸತ್ತರು. ಪೊಲೀಸರೂ ಜೀವ ಕಳೆದುಕೊಂಡರು. ಆಮೇಲೆ ಸರ್ಕಾರ ರಿಯಾಯಿತಿ ಘೋಷಿಸಿತು. ಇಷ್ಟೆಲ್ಲ ಆಗುವ ಮೊದಲೇ ಆ ಮಾತು ವಿಧಾನಸಭೆಯಲ್ಲಿ ಸರಿಯಾಗಿ ಆಗಿದ್ದರೆ? ಪ್ರತಿ ಜುಲೈ 21ಕ್ಕೆ ಅಲ್ಲಿ ಹೂವು ಇಡುವವರನ್ನು ನೋಡಿದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಹಾವೇರಿ ನೋಟಿಸ್ ಪ್ರಕರಣವೂ ಅಷ್ಟೆ, ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. 2025ರ ಜುಲೈನಲ್ಲಿ ಆ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ಡಿಜಿಟಲ್ ವಹಿವಾಟು ತೋರಿಸಿ ವಾಣಿಜ್ಯ ತೆರಿಗೆ ಇಲಾಖೆಯವರು 29 ಲಕ್ಷ ಜಿಎಸ್‌ಟಿ ಕೇಳಿದರು. ತಾಜಾ ಕಾಯಿಪಲ್ಲೆಗೆ ಜಿಎಸ್‌ಟಿಯೇ ಇಲ್ಲ. ತೆರಿಗೆ ಇಲ್ಲದ ಸಾಮಾನು ಮಾತ್ರ ಮಾರುವವರು ನೋಂದಣಿ ಮಾಡಿಸಬೇಕಿಲ್ಲ. ಇಲಾಖೆ ನೋಡಿದ್ದು ಯುಪಿಐ ಮೊತ್ತವನ್ನು, ಬುಟ್ಟಿಯಲ್ಲಿ ಏನಿತ್ತು ಎಂದು ನೋಡಲಿಲ್ಲ. ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ಅಷ್ಟರಲ್ಲಿ ನಿಮ್ಮಂಥ ಎಷ್ಟು ಮಂದಿ ಬೋರ್ಡ್ ತೆಗೆದಿಟ್ಟಿದ್ದರೋ.

ನೀವು ಮಾಡಬಹುದಾದ ಕೆಲಸ ಒಂದಿದೆ. ಗದಗ-ಬೆಟಗೇರಿಯ ಖಾನಾವಳಿಯವರು ಹತ್ತು ಮಂದಿ ಸೇರಿ. ಪ್ರತಿಯೊಬ್ಬರೂ ಒಂದೊಂದು ಸಿಲಿಂಡರ್ ಬಿಲ್ಲಿನ ನಕಲು ತನ್ನಿ. ಅರ್ಧ ಪುಟ ಬರೆದರೆ ಸಾಕು: ಕಮರ್ಷಿಯಲ್ ಸಿಲಿಂಡರ್‌ಗೆ ಶೇಕಡಾ 18 ಯಾಕೆ, ಕ್ರೆಡಿಟ್ ಸಿಗದ ಸಣ್ಣ ಹೋಟೆಲಿಗೆ ಕಡಿಮೆ ದರ ಯಾಕೆ ಆಗಬಾರದು. ಜನವರಿಯೊಳಗೆ ನಿಮ್ಮ ಸಂಸದರಿಗೆ ಕೊಡಿ, ಒಂದು ಪ್ರತಿ ರಾಜ್ಯದ ಹಣಕಾಸು ಇಲಾಖೆಗೆ ಕಳಿಸಿ. ಹಾವೇರಿ-ಗದಗ ಕ್ಷೇತ್ರದ ಸಂಸದ ಬಸವರಾಜ ಬೊಮ್ಮಾಯಿ ಅವರು ಮುಖ್ಯಮಂತ್ರಿಯಾಗಿ ತಾವೇ ರಾಜ್ಯದ ಬಜೆಟ್ ಮಂಡಿಸಿದವರು, ವಿಷಯ ಬಿಡಿಸಿ ಹೇಳುವ ಅಗತ್ಯ ಇಲ್ಲ. ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಲೂ ಅವಕಾಶ ಇದೆ. ಪ್ರಶ್ನೆ ಕೇಳಲು ಮುಂಚಿತವಾಗಿ ನೋಟಿಸ್ ಕೊಡಬೇಕು, ಅದಕ್ಕೇ ತಡ ಮಾಡಬೇಡಿ.

ಇನ್ನೊಂದು ಪ್ರತಿ ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ. ಅದನ್ನು ಸದನದಲ್ಲಿ ಎತ್ತಿದರೋ ಇಲ್ಲವೋ, ಎತ್ತಿದರೆ ಸಚಿವರು ಏನೆಂದರು ಅನ್ನುವುದನ್ನೂ ಬರೆಯುತ್ತೇವೆ. ಪ್ಯಾಟಿ ರೇಟಿಗೆ ಮುಂದಿನ ಸಂಚಿಕೆಯಿಂದ ಹಿಂಬದಿ ಪುಟದಲ್ಲಿ ಜಾಗ ಮಾಡಿದ್ದೇವೆ. ಬ್ಯಾಡಗಿ ಮೆಣಸಿನಕಾಯಿ, ಗದಗದ ಶೇಂಗಾ, ಹುಬ್ಬಳ್ಳಿಯ ಉಳ್ಳಾಗಡ್ಡಿ ಮೂರೂ ಇರುತ್ತವೆ. ಬೇರೆ ಯಾವುದು ಬೇಕು ತಿಳಿಸಿ.

ನಿಮ್ಮ,
ಸಂಪಾದಕ