ಕಿಡ್ನಿ ಕಸಿ ಆದವರ ಯೂರಿನ್ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ: ತೊಂದರೆ ಇಲ್ಲದಿದ್ದರೂ ಮಾತ್ರೆ ಬೇಕಾ?

ಅಕ್ಕಾ, ನಿಮ್ಮ ಯಜಮಾನರಿಗೆ ಕಸಿ ಆಗಿ ಒಂದೂವರೆ ವರ್ಷವಾಗಿದೆ. ಕಲ್ಚರ್‌ನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಒಂದು ಮಿಲಿಲೀಟರ್ ಮೂತ್ರಕ್ಕೆ 1 ಲಕ್ಷ ದಾಟಿದೆ, ಆದರೆ ಜ್ವರ, ಉರಿ ಏನೂ ಇಲ್ಲ. ದಾವಣಗೆರೆಯ ಮೆಡಿಕಲ್ ಶಾಪ್‌ನಲ್ಲೇ ಆ್ಯಂಟಿಬಯಾಟಿಕ್ ತಗೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ.

ರಿಪೋರ್ಟ್ ನೋಡಿ ಭಯ ಆಗುವುದು ಸಹಜ, ಅಲ್ವಾ? ಆದರೆ ಕಸಿಯಾಗಿ ಒಂದು ತಿಂಗಳು ದಾಟಿದ ಮೇಲೆ, ಲಕ್ಷಣವೇ ಇಲ್ಲದಿದ್ದರೆ ಇದಕ್ಕೆ ಚಿಕಿತ್ಸೆ ಬೇಡ ಅಂತ ಅಮೆರಿಕದ ಸೋಂಕುರೋಗ ತಜ್ಞರ ಸಂಘ 2019ರಲ್ಲೇ ಹೇಳಿದೆ. ಬೆಲ್ಜಿಯಂ, ಫ್ರಾನ್ಸ್‌ನಲ್ಲಿ ಇಂಥ 199 ಜನರ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಆ್ಯಂಟಿಬಯಾಟಿಕ್ ಕೊಟ್ಟಿದ್ದರಿಂದ ಮುಂದೆ ನಿಜವಾದ ಸೋಂಕು ಬರುವುದೇನೂ ಕಡಿಮೆಯಾಗಲಿಲ್ಲ. ಬದಲಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಜಾಸ್ತಿಯಾದವು. ನನಗೆ ಹೆಚ್ಚು ಚಿಂತೆ ಇದೇ. ನಾಳೆ ನಿಜವಾಗಿ ಸೋಂಕು ಬಂದಾಗ ಕೆಲಸ ಮಾಡುವ ಔಷಧ ಉಳಿದಿರಬೇಕಲ್ಲ!

ಇನ್ನೊಂದು ವಿಷಯ. ಕೆಲವು ಆ್ಯಂಟಿಬಯಾಟಿಕ್‌ಗಳು, ಉದಾಹರಣೆಗೆ ಕ್ಲಾರಿಥ್ರೋಮೈಸಿನ್, ರಕ್ತದಲ್ಲಿ ಟ್ಯಾಕ್ರೋಲಿಮಸ್ (ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಔಷಧ) ಮಟ್ಟ ಏರಿಸುತ್ತವೆ. ಅದರಿಂದ ಕಿಡ್ನಿಗೇ ಪೆಟ್ಟು. ಹಾಗಾಗಿ ಯಾವ ಮಾತ್ರೆಯನ್ನೂ ಸುಮ್ನೆ ಕೌಂಟರ್‌ನಲ್ಲಿ ಕೇಳಿ ತರಬೇಡಿ.

ಕಸಿಯಾದ ಮೊದಲ ತಿಂಗಳು, ಮೂತ್ರನಾಳದಲ್ಲಿ ಸ್ಟೆಂಟ್ (ಸಣ್ಣ ಕೊಳವೆ) ಇರುವಾಗ, ಮೂತ್ರನಾಳದ ಆಪರೇಷನ್‌ಗೆ ಮುಂಚೆ ಲೆಕ್ಕ ಬೇರೆ. ಅದನ್ನು ಡಾಕ್ಟರೇ ತೀರ್ಮಾನಿಸಬೇಕು.

ರಿಪೋರ್ಟನ್ನು ಕಸಿ ಮಾಡಿದ ಡಾಕ್ಟರಿಗೆ ಕಳಿಸಿ, ಕ್ರಿಯೇಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ನೋಡಿಸಿ. ಜ್ವರ, ಚಳಿ, ಉರಿ, ಕಸಿ ಜಾಗದಲ್ಲಿ ನೋವು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಬಂದರೂ ಅವತ್ತೇ ಆಸ್ಪತ್ರೆಗೆ ಹೋಗಿ. ಸ್ಟೀರಾಯ್ಡ್ ತಗೊಳ್ಳುವವರಿಗೆ ಜ್ವರ ಜೋರಾಗಿ ಕಾಣಿಸದೇ ಇರಬಹುದು. ಸ್ವಲ್ಪ ಮೈ ಬಿಸಿಯಾದರೂ ಕಡೆಗಣಿಸಬೇಡಿ ಅಕ್ಕಾ.