ಹೊರಗೆ ಕಾಲಿಡುವಂತಿಲ್ಲ, ಇನ್ಸುಲಿನ್ ಮುಗಿಯುತ್ತಿದೆ

ಪ್ರಶ್ನೆ: ನನಗೂ ನಮ್ಮ ಯಜಮಾನರಿಗೂ ಕೊರೋನಾ. ಮೂರನೇ ಮಹಡಿ, ಲಿಫ್ಟ್ ಇಲ್ಲ. ವಾಚ್‌ಮ್ಯಾನ್ ಡೆಲಿವರಿ ಹುಡುಗರನ್ನು ಮೇಲೆ ಬಿಡುತ್ತಿಲ್ಲ. ಅತ್ತೆಯ ಇನ್ಸುಲಿನ್, ನಿದ್ದೆ ಮಾತ್ರೆ ಮುಗಿಯುತ್ತಾ ಬಂದಿವೆ. ದಿನಸಿಯೂ ಬೇಕು.
— ಓದುಗರು, ಡೊಂಬಿವಲಿ

ಉತ್ತರ: ದಿನಸಿ ಆಮೇಲೆ ನೋಡೋಣ ತಾಯೀ, ಮೊದಲು ಔಷಧಿ. ಮುಂಬಯಿಯ ಮಾಟುಂಗದ ಮೆಡಿಕಲ್ ಅಂಗಡಿಯಲ್ಲಿ ವರ್ಷಗಟ್ಟಲೆ ಕೌಂಟರ್ ಹಿಂದೆ ನಿಂತವನು ನಾನು. ವೈದ್ಯರ ಚೀಟಿಯನ್ನು ಇ-ಮೇಲ್‌ನಲ್ಲಿ ಕಳಿಸಿದರೆ ಔಷಧಿ ಮನೆಗೆ ತಲುಪಿಸಬಹುದೆಂದು ಕೇಂದ್ರ ಸರಕಾರ 2020ರ ಮಾರ್ಚ್‌ನಲ್ಲೇ ಹೇಳಿದೆ. ಆದರೆ ಅಂಗಡಿ ನಿಮ್ಮ ಡೊಂಬಿವಲಿ ಇರುವ ಠಾಣೆ ಜಿಲ್ಲೆಯದೇ ಆಗಿರಬೇಕು. ಶುಗರ್, ಬಿಪಿಯಂಥ ಕಾಯಿಲೆಗೆ ಚೀಟಿ ಬರೆದು 30 ದಿನ ದಾಟಿರಬಾರದು. ಹಳೆಯದಾಗಿದ್ದರೆ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ.

ನಿದ್ದೆ ಮಾತ್ರೆ ಅಲ್ಪ್ರಾಜೋಲಮ್ ಆದರೆ ಈ ಸವಲತ್ತು ಇಲ್ಲ. ಅಸಲಿ ಚೀಟಿ ಕೊಟ್ಟು ಯಾರನ್ನಾದರೂ ಅಂಗಡಿಗೇ ಕಳಿಸಬೇಕು. ಅಂಗಡಿಯವನ ಮೇಲೆ ಸುಮ್ನೆ ರೇಗಬೇಡಿ.

ಇನ್ಸುಲಿನ್ ಜೊತೆ ಐಸ್ ಪ್ಯಾಕ್ ಕೇಳಿ. ಗೇಟಿನಲ್ಲಿ ಬಿಸಿಲಿಗೆ ಬಿದ್ದಿರಬಾರದು. ಬಂದ ಕೂಡಲೇ ಫ್ರಿಜ್‌ನಲ್ಲಿಡಿ. ಫ್ರೀಜರ್‌ನಲ್ಲಿ ಮಾತ್ರ ಬೇಡ, ಹೆಪ್ಪುಗಟ್ಟಿದರೆ ಎಸೆಯಬೇಕಾಗುತ್ತದೆ.

ಇನ್ನು ದಿನಸಿ. ಪಟ್ಟಿಯನ್ನು ಕಿರಾಣಿ ಅಂಗಡಿಗೆ ವಾಟ್ಸಾಪ್ ಮಾಡಿ, ದುಡ್ಡು ಫೋನಿನಲ್ಲೇ ಕಳಿಸಿ. ಹಾಲು, ಸೊಪ್ಪಿಗೆ ಬಾಲ್ಕನಿಯಿಂದ ಹಗ್ಗ ಕಟ್ಟಿ ಚೀಲ ಇಳಿಸಿ. ನಮ್ಮ ಮುಂಬಯಿ ಕಡೆಯ ಚಾಳುಗಳಲ್ಲಿ, ಅಂದರೆ ಸಾಲುಮನೆಯ ಕಟ್ಟಡಗಳಲ್ಲಿ, ಇದೇನು ಹೊಸದಲ್ಲ, ಅಲ್ವಾ? ಅಕ್ಕಿ ಮೂಟೆ, ಎಣ್ಣೆ ಡಬ್ಬ ಮಾತ್ರ ಎಳೆಯಬೇಡಿ, ಜ್ವರದ ಮೈಗೆ ಜಾಸ್ತಿಯಾಗುತ್ತದೆ. ಸೊಸೈಟಿ ಸೆಕ್ರೆಟರಿಗೆ ಹೇಳಿ ಬಾಗಿಲ ಬಳಿ ಇಡಿಸಿಕೊಳ್ಳಿ. ಇಟ್ಟವರು ಮೆಟ್ಟಿಲಿಳಿದ ಮೇಲೆ ಮಾಸ್ಕ್ ಹಾಕಿ ಬಾಗಿಲು ತೆರೆಯಿರಿ.