ಓದುಗರ ಪ್ರಶ್ನೆ: ತೆಗೆದದ್ದು ಥೈರಾಯ್ಡ್, ಇಳಿದದ್ದು ಕ್ಯಾಲ್ಸಿಯಂ!

ಪ್ರಶ್ನೆ: ಗಳಗಂಡಕ್ಕೆಂದು ಅಮ್ಮನ ಥೈರಾಯ್ಡ್ ಪೂರ್ತಿ ತೆಗೆದರು. ಎರಡನೇ ದಿನ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಶುರುವಾಯಿತು. ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಜೊತೆ ಕ್ಯಾಲ್ಸಿಯಂ ಮಾತ್ರೆಯನ್ನೂ ಬರೆದಿದ್ದಾರೆ. ಏಕೆ? (ಓದುಗರೊಬ್ಬರು, ಹಾಸನ)

ಉತ್ತರ: ಥೈರಾಯ್ಡಿನ ಹಿಂಬದಿಗೆ ಅಂಟಿಕೊಂಡು ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ತೊಗರಿಬೇಳೆಯಷ್ಟು ಗಾತ್ರ, ಹಳದಿ ಮಿಶ್ರಿತ ಕಂದು ಬಣ್ಣ, ಒಂದೊಂದೂ 30ರಿಂದ 50 ಮಿಲಿಗ್ರಾಂ. ರಕ್ತದ ಕ್ಯಾಲ್ಸಿಯಂ ಕುಸಿಯದಂತೆ ಕಾಯುವ ಹಾರ್ಮೋನು ಬರುವುದು ಇವುಗಳಿಂದಲೇ. ಇವಕ್ಕೆ ರಕ್ತ ಒದಗಿಸುವುದು ಹೆಚ್ಚಾಗಿ ಥೈರಾಯ್ಡಿನ ಕೆಳ ಅಪಧಮನಿ. ಅದನ್ನು ಬುಡದಲ್ಲೇ ಕಟ್ಟಿಬಿಟ್ಟರೆ ಗ್ರಂಥಿ ಇದ್ದಲ್ಲೇ ಇದ್ದರೂ ಕೆಲಸ ನಿಲ್ಲಿಸಬಹುದು. ಆದ್ದರಿಂದ ನುರಿತ ಸರ್ಜನ್‌ಗಳು ಥೈರಾಯ್ಡಿನ ಮೈಗೆ ಹತ್ತಿರದಲ್ಲಿ, ಸಣ್ಣ ಕವಲುಗಳನ್ನಷ್ಟೇ ಕಟ್ಟುತ್ತಾರೆ.

ಅಷ್ಟು ಎಚ್ಚರ ವಹಿಸಿದರೂ ತೊಂದರೆಯಾಗುವುದಕ್ಕೆ ಕಾರಣ ಭ್ರೂಣದಲ್ಲಿದೆ. ಆಗ ಗಂಟಲಿನ ಎರಡೂ ಪಕ್ಕದಲ್ಲಿ ಚೀಲದಂಥ ಮಡಿಕೆಗಳಿರುತ್ತವೆ. ಮೇಲಿನ ಪ್ಯಾರಾಥೈರಾಯ್ಡ್ ಜೋಡಿ ಹುಟ್ಟುವುದು ನಾಲ್ಕನೇ ಮಡಿಕೆಯಲ್ಲಿ, ಕೆಳಗಿನದು ಮೂರನೆಯದರಲ್ಲಿ. ಮೂರನೆಯದರಿಂದಲೇ ಹುಟ್ಟುವ ಥೈಮಸ್ ಎಂಬ ರೋಗನಿರೋಧಕ ಗ್ರಂಥಿ ಎದೆಗೆ ಇಳಿಯುವಾಗ ಈ ಜೋಡಿಯನ್ನೂ ಎಳೆದೊಯ್ಯುತ್ತದೆ. ಹೀಗೆ ಮೇಲೆ ಹುಟ್ಟಿದ್ದು ಕೆಳಗೆ ಸೇರುತ್ತದೆ. ದೂರದ ಪಯಣವಾದ್ದರಿಂದ ಅದು ದವಡೆಯ ಮೂಲೆಯಿಂದ ಎದೆಗೂಡಿನವರೆಗೆ ಎಲ್ಲಿ ಬೇಕಾದರೂ ನಿಂತುಬಿಡಬಹುದು. ಹಾಗಾಗಿ ಸರ್ಜನ್ ಕಣ್ಣಿಗೆ ಬೀಳದೆ ಅದಕ್ಕೆ ಪೆಟ್ಟಾಗಬಹುದು. ಅಮೆರಿಕದ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್ ಅವರ ಪ್ಯಾರಾಥೈರಾಯ್ಡ್ ಗೆಡ್ಡೆ ಸಿಕ್ಕಿದ್ದು ಏಳನೇ ಶಸ್ತ್ರಚಿಕಿತ್ಸೆಯಲ್ಲಿ, 1932ರಲ್ಲಿ, ಅದೂ ಎದೆಯೊಳಗೆ. ಮೇಲಿನ ಜೋಡಿ ಹೆಚ್ಚು ಅಲೆಯುವುದಿಲ್ಲ, ಹುಡುಕುವುದೂ ಸುಲಭ.

ಗ್ರಂಥಿಗಳಿಗೆ ಪೆಟ್ಟಾಗಿದ್ದರೆ ಮೊದಲ ಎರಡು ಮೂರು ದಿನಗಳಲ್ಲಿ ಕ್ಯಾಲ್ಸಿಯಂ ತೀರಾ ಇಳಿಯುತ್ತದೆ; ಜುಮುಜುಮು ಅದರ ಲಕ್ಷಣ, ಮಾತ್ರೆ ಅದಕ್ಕಾಗಿಯೇ. ಸಹಜ ಮಟ್ಟ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ. ಬೆರಳುಗಳು ಸೆಟೆದುಕೊಂಡರೆ, ಗಂಟಲು ಬಿಗಿದು ಉಸಿರು ಕಟ್ಟಿದಂತಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಗ್ಲುಕೋನೇಟ್ ನಿಧಾನವಾಗಿ ಕೊಡುತ್ತಾರೆ. ಹೆಚ್ಚಿನವರಲ್ಲಿ ಗ್ರಂಥಿಗಳು ಕೆಲವು ವಾರ, ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತವೆ.

ಮನೆಯಲ್ಲಿ ಆಗುವ ತಪ್ಪೊಂದಿದೆ: ಎರಡೂ ಮಾತ್ರೆಯನ್ನು ಒಟ್ಟಿಗೆ ನುಂಗುವುದು. ಕ್ಯಾಲ್ಸಿಯಂ ಕರುಳಿನಲ್ಲೇ ಥೈರಾಕ್ಸಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ. ಥೈರಾಕ್ಸಿನ್ ಬೆಳಗ್ಗೆ ಖಾಲಿ ಹೊಟ್ಟೆಗೆ ಇರಲಿ. ಕನಿಷ್ಠ ನಾಲ್ಕು ಗಂಟೆ ಬಿಟ್ಟು ಕ್ಯಾಲ್ಸಿಯಂ ಕೊಡಿ. ಅದು ಕಾರ್ಬೊನೇಟ್ ಆಗಿದ್ದರೆ ಊಟದ ಜೊತೆಗೇ ಕೊಡಿ. ವೈದ್ಯರು ಹೇಳದೆ ಯಾವುದನ್ನೂ ನಿಲ್ಲಿಸಬೇಡಿ.

ಪ್ರಶ್ನೆ: ಆರು ವರ್ಷದ ಮಗನ ಕುತ್ತಿಗೆಯ ನಡುವೆ ಗಂಟಿದೆ. ನಾಲಗೆ ಚಾಚಿದರೆ ಮೇಲೇರುತ್ತದೆ. ಗಂಟಿನ ಜೊತೆ ಎಲುಬಿನ ತುಂಡನ್ನೂ ತೆಗೆಯಬೇಕೆನ್ನುತ್ತಾರೆ. ಅದು ಅಗತ್ಯವೇ? (ಓದುಗರೊಬ್ಬರು, ಶಿರಸಿ)

ಉತ್ತರ: ಅಗತ್ಯ. ಥೈರಾಯ್ಡ್ ಮೊಳೆಯುವುದು ಭ್ರೂಣದ ನಾಲ್ಕನೇ ವಾರದಲ್ಲಿ, ನಾಲಗೆಯ ಬುಡದಲ್ಲಿ. ಅಲ್ಲಿಂದ ಸಣ್ಣ ನಾಳವೊಂದನ್ನು ಹಿಂದೆ ಬಿಡುತ್ತಾ ಇಳಿದು ಏಳನೇ ವಾರಕ್ಕೆ ಶ್ವಾಸನಾಳದ ಮುಂದೆ ತಲುಪುತ್ತದೆ. ಆ ನಾಳ ಅಳಿಯದೆ ಉಳಿದು ನೀರು ತುಂಬಿಕೊಂಡರೆ ಇಂಥ ಗಂಟಾಗುತ್ತದೆ. ನಾಲಗೆಗೆ ಇನ್ನೂ ಅಂಟಿಕೊಂಡಿರುವುದರಿಂದಲೇ ಅದು ಮೇಲೇರುವುದು. ನಾಳ ಹಾದುಹೋಗುವುದು ಗಂಟಲಿನ ಹಯಾಯ್ಡ್ ಎಲುಬಿನ ಮಗ್ಗುಲಲ್ಲೇ. ಗಂಟನ್ನಷ್ಟೇ ತೆಗೆದರೆ ನಾಳದ ತುಣುಕು ಉಳಿದು ಮತ್ತೆ ಗಂಟಾಗುತ್ತದೆ. ಎಲುಬಿನ ನಡುಭಾಗವನ್ನೂ ತೆಗೆಯುವ ಈ ವಿಧಾನ 1920ರಿಂದ ರೂಢಿಯಲ್ಲಿದೆ. ನುಂಗಲು, ಮಾತಾಡಲು ಅಡ್ಡಿಯಾಗುವುದಿಲ್ಲ. ಆದರೆ ಮೊದಲು ಅಲ್ಟ್ರಾಸೌಂಡ್ ಮಾಡಿಸಿ, ಥೈರಾಯ್ಡ್ ತನ್ನ ಜಾಗದಲ್ಲಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಅಪರೂಪಕ್ಕೆ ಆ ಗಂಟೇ ಮಗುವಿಗಿರುವ ಏಕೈಕ ಥೈರಾಯ್ಡ್ ಆಗಿರುತ್ತದೆ.